ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ದ್ರವ್ಯವನ್ನು ಸಂಪಾದಿಸುವುದು ಲೋಕದಲ್ಲಿ ಅನೇಕರಿಗೆ ಸಾಧ್ಯವಾಗಿರುವುದು. ಸಂಪಾದಿಸಿದುದನ್ನು ಸತ್ಪಾತ್ರದಲ್ಲಿ ವಿನಿಯೋಗಿಸಿದವರೂ ನಮ್ಮ ನಾಡಿನಲ್ಲಿ ಇಲ್ಲದೆ ಇಲ್ಲ. ಆದರೆ ವಿನಿಯೋಗಿಸಿದ ದ್ರವ್ಯವು ತಮ್ಮ ಕಾಲಾನಂತರದಲ್ಲಿ ದಾಯಾದಿಗಳ ಜಗಳಕ್ಕಾಗಲಿ, ಪಾರುಪತ್ಯಗಾರರ ಅಲಕ್ಷ್ಯಕ್ಕಾಗಲಿ ತುತ್ತಾಗದೆ, ಬಿತ್ತಿದ ಬೀಜವು ಬೆಳೆಯನ್ನೂ ಆ ಬೆಳೆಯು ಮರಳಿ ಬೀಜವನ್ನೂ ಕೊಡುವಂತೆ ನಡೆದುಬರುವ ಏರ್ಪಾಡನ್ನು ಜೀವಿತಕಾಲದಲ್ಲಿಯೇ ಮಾಡಿ ಮುಗಿಸಿದವರು ಬೆರಳೆಣಿಕೆಯ ಮಂದಿ. ಅಂತಹವರಲ್ಲಿ ಅಗ್ರಗಣ್ಯರು ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು. ಅವರು ಪಂಡಿತರಲ್ಲ, ರಾಜಾಧಿಕಾರಿಗಳಲ್ಲ, ಮಠಾಧಿಪತಿಗಳೂ ಅಲ್ಲ. ಪೇಟೆಯಲ್ಲಿ ಕುಳಿತು ತಕ್ಕಡಿ ಹಿಡಿದ ವರ್ತಕರು. ಶರಣಧರ್ಮದಲ್ಲಿ ಕಾಯಕಕ್ಕೂ ದಾಸೋಹಕ್ಕೂ ಇರುವ ಸಂಬಂಧವನ್ನು ಗ್ರಂಥಮುಖದಿಂದ ತಿಳಿಯುವುದು ಒಂದು ಬಗೆ. ಒಬ್ಬ ವರ್ತಕನ ಜೀವಿತದಿಂದ ತಿಳಿಯುವುದು ಇನ್ನೊಂದು ಬಗೆ.

ತೋಟದಪ್ಪನವರು ಕ್ರಿ. ಶ. 1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ವೀರಶೈವ ಲಿಂಗಾಯತ ವರ್ತಕ ಮನೆತನವೊಂದರಲ್ಲಿ ಜನಿಸಿದರು. ಗುಬ್ಬಿಯೆಂದೊಡನೆ ಇಂದಿನವರಿಗೆ ನಾಟಕದ ಕಂಪನಿಯು ಸ್ಮರಣೆಗೆ ಬರುವುದು ಸಹಜವೇ. ಆದರೆ ಆ ಊರಿನ ಕೀರ್ತಿಯು ಅದಕ್ಕಿಂತ ಹಳೆಯದು. ಭಾವಚಿಂತಾರತ್ನವನ್ನೂ ವೀರಶೈವಾಮೃತ ಪುರಾಣವನ್ನೂ ರಚಿಸಿದ ಮಲ್ಲಣಾರ್ಯನು ಹದಿನಾರನೆಯ ಶತಮಾನದಲ್ಲಿ ಆ ಊರಿನ ಹೆಸರನ್ನು ತನ್ನ ಹೆಸರಿನೊಡನೆ ಧರಿಸಿದವನು. ಚನ್ನಬಸವೇಶ್ವರನ ಸನ್ನಿಧಾನದಿಂದ ಅದು ಭಕ್ತರ ಯಾತ್ರಾಸ್ಥಳವೂ ಹೌದು. ಇವೆರಡಕ್ಕೂ ಮಿಗಿಲಾಗಿ ಅದು ಸಂತೆಯ ಊರು. ಟಿಪ್ಪುವಿನ ಪತನವಾದ ಮರುವರ್ಷವೇ, ಎಂದರೆ 1800ರಲ್ಲಿ, ಈ ಸೀಮೆಯನ್ನು ಸಂಚರಿಸಿದ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಗುಬ್ಬಿಯ ವಾರದ ಸಂತೆಯನ್ನೂ ಅಲ್ಲಿನ ವ್ಯಾಪಾರವನ್ನೂ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿರುವನು. ಅಡಕೆ, ಕೊಬ್ಬರಿ, ಬಟ್ಟೆ, ಧಾನ್ಯ ಮೊದಲಾದುವು ಎತ್ತುಗಳ ಬೆನ್ನ ಮೇಲೂ ಗಾಡಿಗಳಲ್ಲಿಯೂ ಅಲ್ಲಿಗೆ ಬಂದು ಕೈಬದಲಾಗಿ ಮುಂದಕ್ಕೆ ಸಾಗುತ್ತಿದ್ದುವು. ಇಂತಹ ಊರಿನಲ್ಲಿ ಬೆಳೆದ ಬಾಲಕನಿಗೆ ಓಲೆಗರಿಯ ಪಾಠಕ್ಕಿಂತ ಮುಂಚೆಯೇ ತೂಕದ ಪಾಠವು ಕಿವಿಗೆ ಬೀಳುವುದು ಆಶ್ಚರ್ಯವಲ್ಲ.

ಇಲ್ಲಿ ವರ್ತಕರ ಹಳೆಯ ನಡವಳಿಕೆಯೊಂದನ್ನು ಹೇಳುವುದು ಅವಶ್ಯ. ನಮ್ಮ ನಾಡಿನಲ್ಲಿ ವರ್ತಕರು ಒಬ್ಬೊಬ್ಬರಾಗಿ ಬಾಳಿದವರಲ್ಲ, ಸಮೂಹವಾಗಿ ಬಾಳಿದವರು. ಅಯ್ಯಾವೊಳೆಯ ಐನೂರ್ವರೆಂಬ ಮಹಾಸಮೂಹವು ಹೇರಿಗೆ ಇಷ್ಟು, ಮೂಟೆಗೆ ಇಷ್ಟು ಎಂದು ತಮ್ಮ ಸರಕಿನ ಮೇಲೆ ತಾವೇ ತೆರವನ್ನು ಹಾಕಿಕೊಂಡು ದೇವಾಲಯಗಳಿಗೂ ಮಠಗಳಿಗೂ ಕೆರೆಗಳಿಗೂ ಬಿಟ್ಟ ದತ್ತಿಗಳನ್ನು ಶಿಲಾಶಾಸನಗಳು ಇಂದಿಗೂ ಸಾರುತ್ತಿರುವುವು. ಅರಸನು ಕೇಳಿ ಪಡೆದ ಸುಂಕವು ಬೇರೆ. ಸಮೂಹವು ತಾನಾಗಿ ತೆತ್ತ ಈ ಹಣವು ಬೇರೆ. ಆ ಮಹಾಸಮೂಹಗಳು ಅಳಿದ ಬಳಿಕವೂ ಅವುಗಳ ಪದ್ಧತಿಯು ಪೂರ್ಣವಾಗಿ ಅಳಿಯಲಿಲ್ಲ. ಮಂಡಿಗಳಲ್ಲಿ ವ್ಯಾಪಾರವಾದ ಸರಕಿನ ಲೆಕ್ಕದಲ್ಲಿ ಸ್ವಲ್ಪ ಭಾಗವನ್ನು ಧರ್ಮದ ಬಾಬ್ತೆಂದು ಬೇರೆ ಬರೆದಿಡುವ ರೂಢಿಯು ಬಹುಕಾಲ ನಡೆದುಬಂದಿತು. ಆದರೆ ಹೀಗೆ ಕೂಡಿದ ಹಣವು ಸಾಮಾನ್ಯವಾಗಿ ಉತ್ಸವಕ್ಕೂ ಒಂದು ದಿನದ ಅನ್ನಸಂತರ್ಪಣೆಗೂ ವೆಚ್ಚವಾಗಿ ಮುಗಿದುಹೋಗುತ್ತಿದ್ದಿತು. ಅದೂ ಪುಣ್ಯಕಾರ್ಯವೇ, ಅಲ್ಲವೆನ್ನಲಾಗದು. ಆದರೂ ಸಂತರ್ಪಣೆಯ ಮಾರನೆಯ ದಿನ ಊರಿಗೆ ಬಂದ ಪರದೇಶಿಗೆ ಹಸಿವು ಇರುವುದಿಲ್ಲವೆ?

ತೋಟದಪ್ಪನವರು ಗುಬ್ಬಿಯನ್ನು ಬಿಟ್ಟು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ನೆಲಸಿ ವ್ಯಾಪಾರಕ್ಕೆ ತೊಡಗಿದರು. ಆಗಿನ ಬೆಂಗಳೂರು ಎರಡು ಊರುಗಳಾಗಿ ಇದ್ದಿತು. ಒಂದು ಇಂಗ್ಲಿಷರ ದಂಡಿನ ಪ್ರದೇಶ. ಮತ್ತೊಂದು ಕೆಂಪೇಗೌಡರ ಕಾಲದಿಂದ ಬಂದ ಪೇಟೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ ಎಂದು ಒಂದೊಂದು ಬೀದಿಗೆ ಒಂದೊಂದು ಸರಕಿನ ಹೆಸರಿರುವ ಆ ಪೇಟೆಯಲ್ಲಿ ಹೊರಗಿನಿಂದ ಬಂದವನು ಬೇರೂರಬೇಕಾದರೆ ಬಂಡವಾಳಕ್ಕಿಂತಲೂ ಮಾತಿನ ನಂಬುಗೆಯು ಮುಖ್ಯವಾಗಿದ್ದಿತು. ಸರಕು ಕಡದ ಮೇಲೆ ಬರುತ್ತಿದ್ದಿತು. ಹಣವು ಹುಂಡಿಯ ಮೂಲಕ ಹೋಗುತ್ತಿದ್ದಿತು. ಒಮ್ಮೆ ಮಾತು ತಪ್ಪಿದವನಿಗೆ ಆ ಬೀದಿಯಲ್ಲಿ ಮರುಸಲ ಮೂಟೆಯಿಳಿಸುವವರು ಇರುತ್ತಿರಲಿಲ್ಲ. ಅಂತಹ ಸ್ಥಳದಲ್ಲಿ ತೋಟದಪ್ಪನವರು ಧನಿಕರಾದುದಲ್ಲದೆ ಗಣ್ಯರೂ ಆದರು.

ಅವರ ವ್ಯಾಪಾರಜೀವನದ ಕಾಲವು ಸುಖದ ಕಾಲವಾಗಿರಲಿಲ್ಲ. 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ಮೈಸೂರು ಸಂಸ್ಥಾನವನ್ನು ನಡುಗಿಸಿತು. ಲಕ್ಷಾಂತರ ಪ್ರಜೆಗಳು ಅನ್ನವಿಲ್ಲದೆ ಮಡಿದರು, ಹಳ್ಳಿಗಳು ಬರಿದಾದುವು, ಗಂಜಿಯ ಆಸೆಯಿಂದ ಜನರು ಗುಂಪುಗುಂಪಾಗಿ ಬೆಂಗಳೂರಿನ ಕಡೆಗೆ ನಡೆದು ಬಂದು ಹಾದಿಯಲ್ಲಿಯೇ ಬಿದ್ದರು. ಆ ಕಾಲದಲ್ಲಿ ತೋಟದಪ್ಪನವರು ನಲವತ್ತರ ಹತ್ತಿರದ ಪ್ರಾಯದವರು. ಧಾನ್ಯವಿದ್ದವನ ಕಣಜಕ್ಕೂ ಹಸಿದವನ ಕೈಗೂ ನಡುವೆ ಇದ್ದ ದೂರವನ್ನು ಆ ಮೂರು ವರುಷಗಳಲ್ಲಿ ಕಾಣದೆ ಇದ್ದ ವರ್ತಕರು ಬೆಂಗಳೂರಿನಲ್ಲಿ ಯಾರೂ ಇರಲಾರರು.

ಕ್ಷಾಮವು ಹೋಯಿತು, ಅದರ ಬೆನ್ನಿಗೆ ರೈಲುದಾರಿಯು ಬಂದಿತು. ಕ್ಷಾಮಪೀಡಿತರಿಗೆ ಕೂಲಿಯನ್ನು ಕೊಡುವ ಸಲುವಾಗಿ ಆರಂಭವಾದ ಬೆಂಗಳೂರು ಮೈಸೂರು ಮಾರ್ಗವು 1882ರಲ್ಲಿ ಪೂರ್ತಿಯಾಯಿತು. 1884ರಲ್ಲಿ ತುಮಕೂರಿಗೂ, ಗುಬ್ಬಿ, ತಿಪಟೂರು, ಅರಸೀಕೆರೆಗಳನ್ನು ಹಾದು 1889ರ ವೇಳೆಗೆ ಹರಿಹರಕ್ಕೂ ಹೊಗೆಬಂಡಿಯು ಓಡಿತು. ಇದರಿಂದ ವ್ಯಾಪಾರವು ಬೆಳೆಯಿತೆಂಬುದು ಎಲ್ಲರಿಗೂ ತೋರಿದ ಸಂಗತಿ. ಎಲ್ಲರಿಗೂ ತೋರದ ಸಂಗತಿಯೊಂದು ಇದ್ದಿತು. ಎತ್ತಿನ ಗಾಡಿಯಲ್ಲಿ ಬರುವ ಪ್ರಯಾಣಿಕನು ಹಾದಿಯುದ್ದಕ್ಕೂ ಮಠ, ಮಂಟಪ, ಅರವಟ್ಟಿಗೆ, ಪರಿಚಿತರ ಜಗಲಿಗಳಲ್ಲಿ ಇಳಿದು ಇಳಿದು ಊರನ್ನು ಸೇರುತ್ತಿದ್ದನು. ಹೊಗೆಬಂಡಿಯು ಅವನನ್ನು ಒಂದೇ ಹಗಲಿನಲ್ಲಿ ತಂದು, ಯಾರ ಪರಿಚಯವೂ ಇಲ್ಲದ ಮಹಾನಗರದ ಬಾಗಿಲಿನಲ್ಲಿ ಸಾವಿರ ಜನರ ನಡುವೆ ಇಳಿಸಿ ಹೋಗುತ್ತಿದ್ದಿತು. ಹಳೆಯ ಛತ್ರಗಳು ಹಳೆಯ ದಾರಿಗಳ ಮೇಲೆ ಇದ್ದುವು; ಪ್ರಯಾಣಿಕನು ಹೊಸ ದಾರಿಯಲ್ಲಿ ಬರುತ್ತಿದ್ದನು. ತೋಟದಪ್ಪನವರ ದೃಷ್ಟಿಯು ಬಿದ್ದುದು ಈ ಎಡೆಯ ಮೇಲೆ.

ಅವರಿಗೆ ಸಂತಾನವಿರಲಿಲ್ಲ. ಸಂತಾನವಿಲ್ಲದ ಧನಿಕನ ಮುಂದೆ ಲೋಕವು ತೆರೆದಿಡುವ ದಾರಿಗಳು ಎರಡು. ದತ್ತು ಸ್ವೀಕರಿಸಿ ಮನೆತನದ ಹೆಸರನ್ನು ಉಳಿಸುವುದು ಒಂದು. ಕಣ್ಣು ಮುಚ್ಚಿದ ಮೇಲೆ ಜ್ಞಾತಿಗಳು ಹಂಚಿಕೊಳ್ಳಲಿ ಎಂದು ಸುಮ್ಮನಿರುವುದು ಇನ್ನೊಂದು. ತೋಟದಪ್ಪನವರು ಈ ಎರಡನ್ನೂ ಬಿಟ್ಟು, ಒಂದು ಆಯುಷ್ಯದ ಗಳಿಕೆಯೆಲ್ಲವನ್ನೂ ಧರ್ಮಕ್ಕೆ ಒಪ್ಪಿಸುವುದೆಂದು ನಿಶ್ಚಯಿಸಿದರು. ಇಂತಹ ನಿಶ್ಚಯವು ಗಂಡಸೊಬ್ಬನಿಂದಲೇ ಆಗತಕ್ಕದ್ದಲ್ಲ. ಮನೆಯ ಒಡತಿಯು ತನ್ನ ಮುಪ್ಪಿನ ಆಸರೆಯಾದ ಆಸ್ತಿಯು ಪರಾರ್ಥವಾಗಿ ಹೋಗುವುದನ್ನು ಒಪ್ಪಬೇಕು. ದಾನಿಗಳ ಚರಿತ್ರೆಗಳಲ್ಲಿ ಧರ್ಮಪತ್ನಿಯರಿಗೆ ಒಂದು ಪಂಕ್ತಿಯೂ ದೊರೆಯದಿರುವುದು ನ್ಯಾಯವಲ್ಲವೆಂಬುದನ್ನು ಇಲ್ಲಿ ಹೇಳದೆ ಇರಲಾಗದು.

1897ರಲ್ಲಿ ಅವರು ಬೆಂಗಳೂರು ರೈಲುನಿಲ್ದಾಣದ ಸಮೀಪದಲ್ಲಿ ಭೂಮಿಯನ್ನು ಕೊಂಡರು. ಆಗ ನಿಲ್ದಾಣದ ಮುಂದೆ ಧರ್ಮಾಂಬುಧಿ ಕೆರೆಯಿದ್ದಿತು. ಈಗ ಬಸ್ಸುಗಳು ನಿಲ್ಲುವ ಮೈದಾನವೇ ಆ ಕೆರೆಯ ಅಂಗಳ. ಹೆಸರಘಟ್ಟದ ನೀರು ಕೊಳಾಯಿಗಳಲ್ಲಿ ನಗರಕ್ಕೆ ಹರಿಯತೊಡಗಿ ಕೆಲವೇ ದಿನಗಳಾಗಿದ್ದುವು. ಮಲ್ಲೇಶ್ವರ, ಬಸವನಗುಡಿ ಎಂಬ ಬಡಾವಣೆಗಳು ಇನ್ನೂ ನಕ್ಷೆಯಿಂದ ನೆಲಕ್ಕೆ ಇಳಿಯುತ್ತಿದ್ದ ಕಾಲ. ಪೇಟೆಯ ಶೆಟ್ಟರಿಗೆ ಆ ಸ್ಥಳವು ಊರ ಹೊರಗೇ ಸರಿ. ದೇವಾಲಯದ ಬಳಿ ಕಟ್ಟಿಸಿದರೆ ಹೆಸರು, ಪೇಟೆಯ ನಡುವೆ ಕಟ್ಟಿಸಿದರೆ ಬಾಡಿಗೆ. ನಿಲ್ದಾಣದ ಬಳಿ ಕಟ್ಟಿಸಿದರೆ ಏನು ಲಾಭವೆಂದು ಕೇಳುವವನಿಗೆ ಉತ್ತರವು ಮುಂದಿನ ಅರುವತ್ತು ವರುಷಗಳಲ್ಲಿ ದೊರೆಯಿತು: ಊರಿಗೆ ಊರೇ ಆ ಕಡೆಗೆ ಸರಿದು ಬಂದಿತು.

ಊರು ಎತ್ತ ಬೆಳೆಯುವುದೆಂದು ಮೊದಲೇ ಕಂಡುಕೊಳ್ಳುವ ಪ್ರಶ್ನೆಯು ಬೆಂಗಳೂರಿಗೆ ಮಾತ್ರ ಸೇರಿದ್ದಲ್ಲ. ಮೈಸೂರಿನ ಅಂಚಿನ ಹೂಟಗಳ್ಳಿಯನ್ನು ಬಲ್ಲವರಿಗೆ ಇದು ಚೆನ್ನಾಗಿ ತಿಳಿದಿರುವುದು. ಹೊಲಗಳ ನಡುವಿನ ಗ್ರಾಮವಾಗಿದ್ದ ಆ ಊರಿಗೆ ಕೈಗಾರಿಕಾ ಪ್ರದೇಶವು ಬಂದಿತು, ಗೃಹಮಂಡಳಿಯ ಬಡಾವಣೆಯು ಬಂದಿತು, ಕಾರ್ಖಾನೆಯ ಕೆಲಸವನ್ನು ಅರಸಿ ನಾನಾ ಸೀಮೆಗಳ ತರುಣರು ಬಂದರು. ಯಂತ್ರಕ್ಕೆ ಜಾಗವನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿರುವರು. ಯಂತ್ರದ ಮುಂದೆ ನಿಲ್ಲುವವನು ಮೊದಲ ರಾತ್ರಿ ಎಲ್ಲಿ ಮಲಗುವನು, ಅವನ ಮಕ್ಕಳು ಎಲ್ಲಿ ಓದುವರು ಎಂಬುದನ್ನು ಗುರುತಿಸುವ ಕೆಲಸವು ಅಲ್ಲಿಯ ವರ್ತಕರಿಗೂ ಉದ್ಯಮಿಗಳಿಗೂ ಉಳಿದಿರುವುದು. ಮಾಮೂಲುಪೇಟೆಯ ವರ್ತಕರೊಬ್ಬರು ಸಂಕಲ್ಪಿಸಿದ್ದು ಇದೇ ಕೆಲಸವನ್ನು.

ಭೂಮಿಯನ್ನು ಕೊಂಡ ಮರುವರ್ಷವೇ ದೊಡ್ಡ ವಿಪತ್ತು ಬಂದೊದಗಿತು. 1898ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿಗೆ ಪ್ಲೇಗುಮಾರಿಯು ಕಾಲಿಟ್ಟಿತು. ಅದೂ ರೈಲುಗಾಡಿಯ ಮೂಲಕವೇ, ನಿಲ್ದಾಣದ ಆಸುಪಾಸಿನಲ್ಲಿಯೇ ಮೊದಲು ಕಾಣಿಸಿಕೊಂಡಿತು. ಪೇಟೆಯ ಇಕ್ಕಟ್ಟಾದ ಮನೆಗಳಲ್ಲಿ ಜನರು ಸಾಲುಸಾಲಾಗಿ ಸತ್ತರು, ಉಳಿದವರು ಮನೆಗಳಿಗೆ ಬೀಗವಿಕ್ಕಿ ಬಯಲಿನ ಗುಡಿಸಲುಗಳಿಗೆ ಓಡಿದರು, ಅಂಗಡಿಗಳು ಮುಚ್ಚಿದುವು. ಹೊರಗಿನಿಂದ ಬಂದವನನ್ನು ಕಂಡರೆ ಬಾಗಿಲು ಮುಚ್ಚುವ ಕಾಲವದು. ಹೊರಗಿನಿಂದ ಬಂದವರನ್ನು ಒಂದೆಡೆ ಇಳಿಸಿಕೊಳ್ಳುವ ಛತ್ರವನ್ನು ಕಟ್ಟಿಸಬೇಕೆಂಬ ಸಂಕಲ್ಪವನ್ನು ಅಂತಹ ಸಮಯದಲ್ಲಿ ಕೈಬಿಟ್ಟಿದ್ದರೆ ತೋಟದಪ್ಪನವರನ್ನು ಯಾರೂ ನಿಂದಿಸುತ್ತಿರಲಿಲ್ಲ. ಅವರು ಬಿಡಲಿಲ್ಲ. 1903ರಲ್ಲಿ ಧರ್ಮಛತ್ರವು ಎದ್ದು ನಿಂತಿತು. 1905ನೆಯ ಇಸವಿ ಫೆಬ್ರವರಿ 11ರಂದು ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಅದನ್ನು ಪ್ರಾರಂಭೋತ್ಸವದಿಂದ ಅನುಗ್ರಹಿಸಿದರು. ಮಹಾರಾಜರು ರಾಜ್ಯಭಾರವನ್ನು ಸ್ವತಃ ವಹಿಸಿಕೊಂಡು ಆಗ ಮೂರು ವರುಷಗಳೂ ತುಂಬಿರಲಿಲ್ಲ.

ಈ ಛತ್ರದಲ್ಲಿ ಎರಡು ಧರ್ಮಗಳು ಒಂದೇ ಸೂರಿನ ಕೆಳಗೆ ಕೂಡಿದುವು. ಪ್ರಯಾಣಿಕರಿಗೆ ತಂಗುವ ಆಸರೆಯು ಮೊದಲನೆಯದು. ವಿದ್ಯಾರ್ಥಿಗಳಿಗೆ ಉಚಿತ ವಸತಿಯು ಎರಡನೆಯದು. ಮೊದಲನೆಯದು ನಮ್ಮ ಪೂರ್ವಿಕರು ಬಲ್ಲ ಧರ್ಮ. ಎರಡನೆಯದು ಆ ಕಾಲಕ್ಕೆ ಹೊಸದು. ಅದರ ಅಗತ್ಯವೆಷ್ಟಿದ್ದಿತೆಂಬುದನ್ನು ತಿಳಿಯಬೇಕಾದರೆ ಅಂದಿನ ವಿದ್ಯಾಭ್ಯಾಸದ ಸ್ಥಿತಿಯನ್ನು ಸ್ಮರಿಸಬೇಕು. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು 1916ರಲ್ಲಿ. ಅದಕ್ಕೆ ಮುಂಚೆ ಸಂಸ್ಥಾನದ ವಿದ್ಯಾರ್ಥಿಗಳು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕೂಡಬೇಕಾಗಿದ್ದಿತು. ಪದವಿಯ ಓದಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನಾಗಲಿ ಮೈಸೂರಿನ ಮಹಾರಾಜಾ ಕಾಲೇಜನ್ನಾಗಲಿ ಸೇರಬೇಕಾಗಿದ್ದಿತು. ತುಮಕೂರು, ಚಿತ್ರದುರ್ಗ, ಶಿವಮೊಗ್ಗ ಸೀಮೆಗಳ ರೈತರ ಮಕ್ಕಳಿಗೆ ಕಾಲೇಜಿನ ಶುಲ್ಕಕ್ಕಿಂತಲೂ ದೊಡ್ಡ ತಡೆಯೆಂದರೆ ನಗರದಲ್ಲಿ ಊಟ ಮತ್ತು ವಸತಿ. ಲಿಂಗಧಾರಿಯಾದ ಬಾಲಕನಿಗೆ ಸ್ನಾನಕ್ಕೆ ನೀರು, ಪೂಜೆಗೆ ಶುಚಿಯಾದ ಎಡೆ, ತನ್ನ ಆಚಾರಕ್ಕೆ ಒಪ್ಪುವ ಊಟ ಇವು ಮೂರೂ ಬೇಕು. ಪೇಟೆಯ ಬಾಡಿಗೆಯ ಕೋಣೆಯಲ್ಲಿ ಇವು ಹಣ ಕೊಟ್ಟರೂ ದೊರೆಯುತ್ತಿರಲಿಲ್ಲ. ಬುದ್ಧಿಯಿದ್ದೂ ಅನ್ನವಸತಿಗಳಿಲ್ಲದೆ ಓದನ್ನು ಬಿಟ್ಟು ಊರಿಗೆ ಹಿಂದಿರುಗಿ ನೇಗಿಲನ್ನು ಹಿಡಿದವರನ್ನು ಯಾವ ಪಟ್ಟಿಯೂ ಎಣಿಸಿಲ್ಲ. ನೇಗಿಲು ಹೀನವಾದುದೆಂದು ಇದರ ಅರ್ಥವಲ್ಲ. ಆಯ್ಕೆಯು ಅವರದಾಗಿರಲಿಲ್ಲವೆಂಬುದೇ ಅರ್ಥ. ನಿಲ್ದಾಣದಲ್ಲಿ ಇಳಿದ ಬಾಲಕನು ಹೆಗಲ ಮೇಲಿನ ಹಾಸಿಗೆಯ ಸುರುಳಿಯನ್ನು ಇಳಿಸುವ ಮೊದಲೇ ಛತ್ರದ ಬಾಗಿಲನ್ನು ಕಾಣಬಹುದಾಗಿದ್ದಿತು. ಅಲ್ಲಿಂದ ಸೆಂಟ್ರಲ್ ಕಾಲೇಜು ನಡೆದು ಹೋಗಬಹುದಾದ ದೂರ. ಸ್ಥಳವನ್ನು ಆರಿಸಿದ ಜಾಣ್ಮೆಯು ಇಲ್ಲಿಯೂ ಫಲಿಸಿತು.

ಮಹಾರಾಜರು ತೋಟದಪ್ಪನವರಿಗೆ ಧರ್ಮಪ್ರವರ್ತರೆಂಬ ಬಿರುದನ್ನು ದಯಪಾಲಿಸಿದರು. ಬ್ರಿಟಿಷ್ ಸರ್ಕಾರದವರು ರಾವ್ ಬಹದ್ದೂರ್ ಎಂಬ ಬಿರುದನ್ನಿತ್ತರು. ದಾನಿಗಳಿಗೆ ಬಿರುದುಗಳು ದೊರೆಯುವುದು ಅಪೂರ್ವವಲ್ಲ. ಇವುಗಳಲ್ಲಿ ಮೊದಲನೆಯದು ಮಾತ್ರ ವಿಚಾರಕ್ಕೆ ಯೋಗ್ಯವಾಗಿರುವುದು. ಧರ್ಮವನ್ನು ಮಾಡಿದವರೆಂದಲ್ಲ, ಧರ್ಮವನ್ನು ನಡೆಯುವಂತೆ ಮಾಡಿದವರೆಂದು ಅದರ ಅಭಿಪ್ರಾಯ. ಛತ್ರವನ್ನು ಕಟ್ಟಿಸಿದುದಕ್ಕಿಂತಲೂ ಅದರ ಮುಂದಿನ ಆಡಳಿತಕ್ಕೆ ಅವರು ಮಾಡಿದ ಏರ್ಪಾಡೇ ಹೆಚ್ಚಿನದೆಂಬುದು ಈ ಬಿರುದಿನಿಂದಲೂ ಹೊರಡುವುದು.

ಆ ಏರ್ಪಾಡು ಹೀಗೆ. ಅವರು ತಮ್ಮ ಸಮಸ್ತ ಆಸ್ತಿಯನ್ನೂ ಒಂದು ಧರ್ಮಸಂಸ್ಥೆಗೆ ಒಪ್ಪಿಸಿದರು. ಸಂಸ್ಥೆಯ ಅಧ್ಯಕ್ಷತೆಯನ್ನು ತಮ್ಮ ಜ್ಞಾತಿಗಳಲ್ಲಿ ಯಾರಿಗೂ ವಹಿಸದೆ ಕೆ. ಪಿ. ಪುಟ್ಟಣ್ಣಚೆಟ್ಟಿಯವರಿಗೆ ವಹಿಸಿದರು. ಇದು ಸಾಮಾನ್ಯವಾದ ಕಾರ್ಯವಲ್ಲ. ಕಟ್ಟಿಸಿದ ಛತ್ರದಲ್ಲಿ ಯಜಮಾನಿಕೆಯ ಗದ್ದಿಗೆಯನ್ನು ತನಗೂ ತನ್ನ ಮನೆತನಕ್ಕೂ ಉಳಿಸಿಕೊಳ್ಳುವ ಆಸೆಯು ದಾನಿಗಳನ್ನು ಬಿಡುವುದು ಕಷ್ಟ. ನಮ್ಮ ಊರೂರುಗಳಲ್ಲಿ ಪಾಳುಬಿದ್ದ ಛತ್ರಗಳ ಗೋಡೆಗಳನ್ನು ಕೇಳಿದರೆ ಅವು ಇದೇ ಕಥೆಯನ್ನು ಹೇಳುವುವು. ತಂದೆ ಕಟ್ಟಿಸಿದನು, ಮಗನು ನಡೆಯಿಸಿದನು, ಮೊಮ್ಮಕ್ಕಳು ಪಾಲು ಮಾಡಿಕೊಂಡರು. ತೋಟದಪ್ಪನವರು ಲೆಕ್ಕವನ್ನು ಬಲ್ಲವರು; ಲೆಕ್ಕವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಾದವನೇ ಅದನ್ನು ಶುದ್ಧವಾಗಿ ಇಡುವನೆಂಬುದನ್ನು ಅಂಗಡಿಯಲ್ಲಿಯೇ ಕಲಿತಿದ್ದರು.

ಪುಟ್ಟಣ್ಣಚೆಟ್ಟಿಯವರ ವಿಷಯವನ್ನು ಪ್ರತ್ಯೇಕವಾಗಿ ಬರೆಯತಕ್ಕಷ್ಟು ಇರುವುದು. 1856ರಲ್ಲಿ ಜನಿಸಿದ ಅವರು ಸಂಸ್ಥಾನದ ಉನ್ನತ ಅಧಿಕಾರಗಳನ್ನು ನಿರ್ವಹಿಸಿ, 1913ರಿಂದ 1920ರ ವರೆಗೆ ಬೆಂಗಳೂರು ನಗರದ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದರು. 1935ರಲ್ಲಿ ಪ್ರಾರಂಭವಾದ ಪುರಭವನಕ್ಕೆ ಅವರ ಹೆಸರೇ ಇರುವುದು. ಬೀದಿ, ನೀರು, ನೈರ್ಮಲ್ಯಗಳನ್ನು ನೋಡಿಕೊಳ್ಳುವ ಪೌರಸಭೆಯ ಕೆಲಸವೂ, ಅನ್ನ, ವಸತಿ, ವಿದ್ಯೆಗಳನ್ನು ನೋಡಿಕೊಳ್ಳುವ ಧರ್ಮಸಂಸ್ಥೆಯ ಕೆಲಸವೂ ಒಬ್ಬರೇ ಪುರುಷರ ಕೈಯಲ್ಲಿ ಕೂಡಿದುದು ಆ ನಗರದ ಭಾಗ್ಯ. ವರ್ತಕನು ಹಣವನ್ನು ಕೊಟ್ಟನು, ಅಧಿಕಾರಿಯು ನಿಯಮವನ್ನು ಕೊಟ್ಟನು. ಎರಡರಲ್ಲಿ ಒಂದು ಇಲ್ಲದಿದ್ದರೂ ಛತ್ರವು ಹತ್ತರಲ್ಲಿ ಹನ್ನೊಂದನೆಯದಾಗುತ್ತಿದ್ದಿತು.

ಬೆಂಗಳೂರಿನಲ್ಲಿ ವರ್ತಕರ ಸಂಘಗಳು ಹೊಸ ರೀತಿಯಲ್ಲಿ ಏರ್ಪಟ್ಟುದು ತೋಟದಪ್ಪನವರ ಕಾಲಾನಂತರದಲ್ಲಿ. 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜವು, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಾಣಿಜ್ಯ ಮಂಡಲಿಯು ಸ್ಥಾಪಿತವಾದುವು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲಗಳಾದ ಇವು ವ್ಯಾಪಾರವನ್ನೂ ಉದ್ಯಮವನ್ನೂ ಬೆಳೆಯಿಸಿದುವು. ಆದರೆ ವರ್ತಕರು ಊರಿಗೆ ಸಲ್ಲಿಸಬೇಕಾದುದೇನೆಂಬ ಲೆಕ್ಕವನ್ನು ಈ ಸಂಘಗಳು ಹುಟ್ಟುವುದಕ್ಕೆ ಮುಂಚೆಯೇ, ಸಭೆಯಿಲ್ಲದೆ, ಠರಾವಿಲ್ಲದೆ, ಒಬ್ಬರು ಬರೆದಿಟ್ಟು ಹೋಗಿದ್ದರು.

1910ನೆಯ ಇಸವಿ ಫೆಬ್ರವರಿ 21ರಂದು ತೋಟದಪ್ಪನವರು ತಮ್ಮ 72ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಛತ್ರವನ್ನು ಮಹಾರಾಜರು ತೆರೆದು ಆಗ ಐದು ವರುಷಗಳಾಗಿದ್ದುವು. ಮಾರನೆಯ ದಿನವೂ ಬಂಡಿಯು ಬಂದಿತು, ಪ್ರಯಾಣಿಕರು ಇಳಿದರು, ಛತ್ರದ ಬಾಗಿಲು ಎಂದಿನಂತೆ ತೆರೆದಿದ್ದಿತು. ಆ ಬಾಗಿಲಿಗೆ ಹೋಗುವ ಬೀದಿಗೆ ಈಗ ಗುಬ್ಬಿ ತೋಟದಪ್ಪನವರ ಹೆಸರೇ ಇರುವುದು.

ಅವರು ಲಿಂಗೈಕ್ಯರಾದ ಹದಿನೇಳು ವರುಷಗಳ ಬಳಿಕ, 1927ರಲ್ಲಿ, ಮಾಗಡಿ ಸೀಮೆಯ ವೀರಾಪುರದ ತರುಣರೊಬ್ಬರು ತುಮಕೂರಿನಲ್ಲಿ ಓದನ್ನು ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದರು. ರೈತಕುಟುಂಬದ ಆ ತರುಣರಿಗೆ ತೋಟದಪ್ಪನವರ ವಿದ್ಯಾರ್ಥಿನಿಲಯವು ಆಶ್ರಯವನ್ನಿತ್ತಿತು. ಭೌತಶಾಸ್ತ್ರವನ್ನೂ ಗಣಿತವನ್ನೂ ಅಭ್ಯಾಸ ಮಾಡುತ್ತಿದ್ದ ಅವರು ಇನ್ನೂ ಪದವಿಯನ್ನು ಪಡೆಯದಿರುವಾಗಲೇ, 1930ರ ಮಾರ್ಚ್ ತಿಂಗಳಿನಲ್ಲಿ, ಸಿದ್ಧಗಂಗಾ ಕ್ಷೇತ್ರದ ಶ್ರೀ ಉದ್ಧಾನ ಶಿವಯೋಗಿಗಳವರು ಅವರನ್ನು ತಮ್ಮ ಉತ್ತರಾಧಿಕಾರಿಗಳನ್ನಾಗಿ ಆರಿಸಿಕೊಂಡರು. ಶ್ರೀ ಶಿವಕುಮಾರ ಸ್ವಾಮಿಗಳವರೆಂದು ನಾಡೆಲ್ಲವೂ ಪೂಜಿಸಿದ ಆ ಮಹನೀಯರು 2019ನೆಯ ಇಸವಿ ಜನವರಿ 21ರಂದು ಲಿಂಗೈಕ್ಯರಾಗುವ ವರೆಗೂ, ಜಾತಿಮತಗಳ ಭೇದವನ್ನೆಣಿಸದೆ ಸಾವಿರಾರು ಮಂದಿ ಬಡ ವಿದ್ಯಾರ್ಥಿಗಳಿಗೆ ಸಿದ್ಧಗಂಗೆಯಲ್ಲಿ ಅನ್ನವನ್ನೂ ವಸತಿಯನ್ನೂ ವಿದ್ಯೆಯನ್ನೂ ನಡೆಯಿಸಿದರು.